ಡಿಸ್ಚಾರ್ಜ್ ಬುಕ್ಕಿನ ಒಂದು ಅಕ್ಷರ: ಮಾಜಿ ಸೈನಿಕರ ನೆರವು ಎಲ್ಲಿ ಸಿಕ್ಕಿಕೊಳ್ಳುತ್ತದೆ?

ನಮ್ಮ ದೊಡ್ಡಪ್ಪ ಸೇನೆಯಿಂದ ಹವಾಲ್ದಾರ್ ಆಗಿ ನಿವೃತ್ತರಾದವರು. ಆಲೂರು ತಾಲ್ಲೂಕಿನ ನಮ್ಮೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಕಡಿಮೆ. ಎಲ್ಲರಿಗೂ ಅವರು ‘ಮಿಲ್ಟ್ರಿ ಅಣ್ಣ’. ಅವರು ತೀರಿಕೊಂಡ ದಿನ ಊರಿಗೆ ಊರೇ ಮನೆ ಮುಂದೆ ನಿಂತಿತ್ತು. ತಿಥಿ ಮುಗಿದ ಮೇಲೆ ದೊಡ್ಡಮ್ಮನ ಹೆಸರಿಗೆ ಕುಟುಂಬ ಪೆನ್ಷನ್ ಶುರುವಾಗಬೇಕಿತ್ತು. ಆಗಲಿಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ, ಅಂದರೆ ಸೇನೆಯಿಂದ ಹೊರಬರುವಾಗ ಕೊಡುವ ದಾಖಲೆ ಪುಸ್ತಕದಲ್ಲಿ, ದೊಡ್ಡಮ್ಮನ ಹೆಸರಿನ ಕೊನೆಗೆ ‘ಅಮ್ಮ’ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಹುಟ್ಟಿದ ತಾರೀಖು ಎರಡರಲ್ಲೂ ಬೇರೆ ಬೇರೆ. ಇಷ್ಟನ್ನು ಸರಿಮಾಡಿಸಲು ನಮಗೆ ಹನ್ನೊಂದು ತಿಂಗಳು ಹಿಡಿಯಿತು.

ಆ ಹನ್ನೊಂದು ತಿಂಗಳಲ್ಲಿ ನಾನು ಕಲಿತದ್ದು ಒಂದೇ. ಮಾಜಿ ಸೈನಿಕರಿಗೆ ಸರ್ಕಾರಗಳು ಕೊಡುವುದು ಕಡಿಮೆ ಏನಿಲ್ಲ. ಆದರೆ ಕೊಡುವ ಕೈಗಳು ಬೇರೆ ಬೇರೆ ಊರಲ್ಲಿವೆ, ಬೇರೆ ಬೇರೆ ಇಲಾಖೆಯಲ್ಲಿವೆ. ಪಡೆಯುವವರು ಮಾತ್ರ ಹಳ್ಳಿಯಲ್ಲಿ ಒಂಟಿಯಾಗಿ ಕೂತಿರುತ್ತಾರೆ, ಹೆಚ್ಚಿನ ಸಲ ವಯಸ್ಸಾದ ಹೆಂಗಸರು. ಹೊಸ ಯೋಜನೆ ಘೋಷಿಸುವುದಕ್ಕಿಂತ, ಇವೆರಡರ ನಡುವೆ ಕೂತು ಕಾಗದ ಸರಿಮಾಡಿಕೊಡುವ ಒಬ್ಬ ಮನುಷ್ಯನನ್ನು ರಾಜ್ಯ ಸರ್ಕಾರ ತಾಲ್ಲೂಕಿಗೆ ಕಳಿಸಿದರೆ ಜಾಸ್ತಿ ಉಪಕಾರವಾಗುತ್ತದೆ. ಯಾಕೆ ಹಾಗನ್ನಿಸಿತು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಯಾರು ಏನು ಕೊಡುತ್ತಾರೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪೆನ್ಷನ್, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್ ಕಾರ್ಡ್ – ಇವೆಲ್ಲ ಕೇಂದ್ರದ ರಕ್ಷಣಾ ಇಲಾಖೆಯದು. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ, ಜಮೀನು ಮಂಜೂರಾತಿ, ಮಕ್ಕಳಿಗೆ ಸಿಇಟಿ ಸೀಟು – ಇವು ರಾಜ್ಯದ್ದು. ಎರಡರ ನಡುವೆ ಸೇತುವೆಯಾಗಿ ಇರುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಅದರ ಕಚೇರಿ ಹಾಸನದಲ್ಲೂ ಇದೆ. ಇಂಥ ಕಚೇರಿಗಳ ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು.

ರಾಜ್ಯದ ಎಲ್ಲ ಜಿಲ್ಲೆಗೂ ಒಂದೊಂದು ಕಚೇರಿ ಇಲ್ಲ. ಮಂಗಳೂರಿನ ಕಚೇರಿಯೇ ಉಡುಪಿಯನ್ನೂ ನೋಡಿಕೊಳ್ಳುತ್ತದೆ. ಕೆಲವು ಕಡೆ ಒಂದು ಕಚೇರಿಗೆ ಎರಡು ಜಿಲ್ಲೆಯ ಹಳ್ಳಿಗಳ ಹೊರೆ. ಬಯಲುಸೀಮೆಯಲ್ಲಿ ಇದು ಹೇಗೋ ನಡೆದೀತು. ಆದರೆ ಮಳೆಗಾಲದಲ್ಲಿ ಸಕಲೇಶಪುರದ ಘಟ್ಟದಂಚಿನ ಹಳ್ಳಿಯಿಂದಲೋ ಮೂಡಿಗೆರೆಯ ಒಳಗಿನ ಊರಿಂದಲೋ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬೆಳಗ್ಗೆ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬಂದು, ‘ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ’ ಅನ್ನಿಸಿಕೊಂಡು ವಾಪಸ್ ಹೋಗುವುದನ್ನು ಯೋಚನೆ ಮಾಡಿ. ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಮತ್ತೆ ಬರುವ ಧೈರ್ಯವೂ ಹೋಯಿತು.

ಈ ಕಚೇರಿಗಳ ಮಹತ್ವ ಎಷ್ಟು ಅಂತ ಒಂದು ಉದಾಹರಣೆ ನೋಡಿ. ಪೆನ್ಷನ್ ಬರಲು ಜವಾನರಿಗೆ ಸಾಮಾನ್ಯವಾಗಿ 15 ವರ್ಷ ಸೇವೆ ಬೇಕು. ಅದಕ್ಕೆ ಮೊದಲೇ ಹೊರಬಂದ ಹಳೇ ಸೈನಿಕರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಿಗೆ ಪೆನ್ಷನ್ ಇಲ್ಲ. 65 ದಾಟಿದ, ಹವಾಲ್ದಾರ್ ದರ್ಜೆವರೆಗಿನ ಇಂಥವರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳಿಗೆ 4,000 ರೂಪಾಯಿ ಕೊಡುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು 8,000ಕ್ಕೆ ಏರಿಸಿದರು. ಜೊತೆಗೆ ಮಕ್ಕಳ ಓದಿನ ನೆರವು ತಿಂಗಳಿಗೆ 1,000ದಿಂದ 2,000 ಆಯಿತು, ಮಗಳ ಮದುವೆಯ ನೆರವು 50,000ದಿಂದ ಒಂದು ಲಕ್ಷವಾಯಿತು. ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಈ ಹೊಸ ದರ. ತುಂಬ ಒಳ್ಳೆಯ ಹೆಜ್ಜೆ. ಆದರೆ ಅರ್ಜಿ ಹಾಕಬೇಕಿರುವುದು ಆನ್‌ಲೈನಿನಲ್ಲಿ. ಕಾಗದ ನೋಡಿ ಸರಿಯಿದೆ ಅಂತ ಮುಂದೆ ಕಳಿಸಬೇಕಾದವರು ಜಿಲ್ಲೆಯ ಸೈನಿಕ ಕಚೇರಿಯವರು. ಅಂದರೆ ದೆಹಲಿಯ ದುಡ್ಡು ಕೂಡ ನಮ್ಮ ಹಳ್ಳಿಗೆ ಬರುವುದು ಈ ಮೇಜಿನ ಮೇಲಿಂದಲೇ. ಮೇಜಿನ ಹಿಂದೆ ಜನ ಸಾಲದಿದ್ದರೆ ದುಡ್ಡು ಅಲ್ಲೇ ನಿಲ್ಲುತ್ತದೆ.

ಕಾಗದದ ಕಥೆ

ಸೈನಿಕನ ಕಾಗದಗಳು ಊರಲ್ಲಿ ಇರುವುದಿಲ್ಲ. ಅವು ಆತನ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲಿರುತ್ತವೆ. ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ತೋಪಖಾನೆ, ಅಂದರೆ ಆರ್ಟಿಲರಿ ಆದರೆ ನಾಸಿಕ್. ಸಿಗ್ನಲ್ಸ್ ಆದರೆ ಜಬಲ್‌ಪುರ. ವಾಹನ, ಯಂತ್ರ ರಿಪೇರಿ ನೋಡುವ ಇಎಂಇ ಆದರೆ ಸಿಕಂದರಾಬಾದ್. ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಆದರೆ ಪುಣ್ಯಕ್ಕೆ ಬೆಂಗಳೂರು. ಪೆನ್ಷನ್ ಲೆಕ್ಕ ನೋಡುವವರು ಪ್ರಯಾಗ್‌ರಾಜ್‌ನಲ್ಲಿದ್ದಾರೆ.

ಸೇವೆಯಲ್ಲಿದ್ದಾಗ ಮದುವೆಯಾದರೆ, ಮಗು ಹುಟ್ಟಿದರೆ ಸೈನಿಕ ತನ್ನ ಯುನಿಟ್‌ಗೆ ತಿಳಿಸಬೇಕು. ಅಲ್ಲಿ ‘ಪಾರ್ಟ್ ಟು ಆರ್ಡರ್’ ಎಂಬ ಅಧಿಕೃತ ಆದೇಶ ಆಗಬೇಕು. ಆಗ ಮಾತ್ರ ಹೆಂಡತಿ ಮಕ್ಕಳ ಹೆಸರು ದಾಖಲೆಗೆ ಸೇರುತ್ತದೆ. ನಲವತ್ತು ವರ್ಷದ ಹಿಂದೆ ನಮ್ಮ ಕಡೆ ಮದುವೆ ನೋಂದಣಿ ಯಾರು ಮಾಡಿಸುತ್ತಿದ್ದರು? ಹುಟ್ಟಿದ ತಾರೀಖು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಗಂಡ ಗಡಿಯಲ್ಲಿ ಕೂತು ನೆನಪಿನಿಂದ ಹೆಂಡತಿಯ ಹೆಸರು ಹೇಳಿದ, ಕನ್ನಡ ಬಾರದ ಗುಮಾಸ್ತ ತನಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ. ಆಧಾರ್ ಬಂದಾಗ ಇನ್ಯಾರೋ ಇನ್ನೊಂದು ರೀತಿ ಟೈಪ್ ಮಾಡಿದರು. ಇದರಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ. ಆದರೂ ಪೆನ್ಷನ್ ನಿಲ್ಲಲು ಇಷ್ಟು ಸಾಕು.

ಈಗ ರಕ್ಷಣಾ ಪೆನ್ಷನ್ ಎಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಹಿಂದೆ ಬ್ಯಾಂಕಿನವರು ಮುಖ ನೋಡಿ ಗುರುತು ಹಿಡಿಯುತ್ತಿದ್ದರು. ಈಗ ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ವರ್ಷಕ್ಕೊಮ್ಮೆ, ಹೆಚ್ಚಿನವರಿಗೆ ನವೆಂಬರ್‌ನಲ್ಲಿ, ‘ನಾನು ಬದುಕಿದ್ದೇನೆ’ ಅಂತ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಕೊಡದಿದ್ದರೆ ಪೆನ್ಷನ್ ನಿಲ್ಲುತ್ತದೆ. ಇದನ್ನು ಹತ್ತಿರದ ಸಿಎಸ್‌ಸಿ (ಸಾಮಾನ್ಯ ಸೇವಾ ಕೇಂದ್ರ)ಯಲ್ಲೂ ಮಾಡಿಸಬಹುದು. ಪೋಸ್ಟ್‌ಮನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಮಾಡಿಕೊಡುವ ಸೇವೆಯೂ ಇದೆ, ಅದಕ್ಕೆ ಸಣ್ಣ ಶುಲ್ಕ. ಈ ವಿಷಯ ನಮ್ಮೂರಿನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಫಿ ತೋಟದಲ್ಲಿ ದುಡಿದು ಬೆರಳಿನ ಗೆರೆ ಸವೆದುಹೋದವರಿಗೆ ಬೆರಳಚ್ಚು ಕೂರುವುದೂ ಇಲ್ಲ. ಅಂಥವರಿಗೆ ಮುಖ ತೋರಿಸಿ ದೃಢೀಕರಿಸುವ ಮೊಬೈಲ್ ಆ್ಯಪ್ ಇದೆ. ಯಾರಾದರೂ ಪಕ್ಕದಲ್ಲಿ ಕೂತು ತೋರಿಸಿಕೊಡಬೇಕು ಅಷ್ಟೆ.

ನಮ್ಮ ದೊಡ್ಡಮ್ಮನ ವಿಷಯದಲ್ಲಿ ಏನಾಯಿತು ಅಂದರೆ, ಮೊದಲ ಕಚೇರಿಯವರು ಆಧಾರ್ ತಿದ್ದಿಸಿ ಅಂದರು. ತಿದ್ದಿಸಿದೆವು. ಆಗ ಬ್ಯಾಂಕಿನ ಪುಸ್ತಕದ ಹೆಸರು ತಾಳೆಯಾಗಲಿಲ್ಲ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದೆವು. ಅದು ಇಂಥ ಅಧಿಕಾರಿಯ ಮುಂದೆಯೇ ಆಗಿರಬೇಕಿತ್ತು ಅಂತ ವಾಪಸ್ ಬಂತು. ಯಾರೂ ಒಂದೇ ಸಲಕ್ಕೆ ಪೂರ್ತಿ ಪಟ್ಟಿ ಕೊಡಲಿಲ್ಲ. ಕೊನೆಗೆ ಪಕ್ಕದೂರಿನ ನಿವೃತ್ತ ಸುಬೇದಾರರೊಬ್ಬರು ಕೂತು, ಯಾವ ಕಾಗದ ಮೊದಲು, ಯಾವುದು ಆಮೇಲೆ ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ‘ತಂಗೀ, ನೀ ಹೆದರಬೇಡ, ಇದು ನಿನ್ನ ಹಕ್ಕು, ಭಿಕ್ಷೆ ಅಲ್ಲ’ ಅಂದರು ದೊಡ್ಡಮ್ಮನಿಗೆ. ಆ ಹಾಳೆ ಸಿಕ್ಕ ಮೇಲೆ ಕೆಲಸ ಎರಡೇ ತಿಂಗಳಲ್ಲಿ ಮುಗಿಯಿತು. ಒಂಬತ್ತು ತಿಂಗಳು ನಾವು ಸುಮ್ನೆ ಅಲೆದಿದ್ದೆವು.

ಕರ್ತವ್ಯದಲ್ಲಿ ಮಡಿದವರ ಮನೆಗೆ ಸರ್ಕಾರ ತಾನೇ ನಡೆದು ಬರುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಸಿಲುಕಿದಾಗ, ಅವರಲ್ಲಿ ಹಾಸನ ತಾಲ್ಲೂಕು ತೇಜೂರಿನ ಸುಬೇದಾರ್ ನಾಗೇಶ್ ಕೂಡ ಇದ್ದರು. ಆಗ ಇಡೀ ಜಿಲ್ಲೆಯ ಗಮನ ಆ ಊರಿನ ಮೇಲಿತ್ತು. ಹಾಗೇ ಇರಬೇಕು. ಕರ್ತವ್ಯದಲ್ಲಿ ಮಡಿದವರ ಕುಟುಂಬಕ್ಕೆ ಪೆನ್ಷನ್ ದರವೂ ಬೇರೆ, ಯುದ್ಧದಂಥ ಕಾರ್ಯಾಚರಣೆಯಲ್ಲಾದರೆ ಕೊನೆಯ ಸಂಬಳದಷ್ಟು ಪೂರ್ತಿ ಸಿಗುತ್ತದೆ. ಆದರೆ ಬಹುಪಾಲು ಸೈನಿಕರು ನಿವೃತ್ತರಾಗಿ, ಊರಿಗೆ ಬಂದು, ಮುದುಕರಾಗಿ, ಮನೆಯ ಮಂಚದ ಮೇಲೆ ಕಣ್ಣು ಮುಚ್ಚುತ್ತಾರೆ. ಅವರ ಹೆಂಡತಿಗೆ ಸಾಮಾನ್ಯ ಕುಟುಂಬ ಪೆನ್ಷನ್, ಕೊನೆಯ ಸಂಬಳದ 30%. ಅವರ ಮನೆಗೆ ಯಾರೂ ಬರುವುದಿಲ್ಲ. ನನ್ನ ಕಾಳಜಿ ಈ ಮನೆಗಳ ಬಗ್ಗೆ.

ಜಮೀನಿನ ಮಾತು

ಹಾಸನದಲ್ಲಿ ನಾಲ್ಕು ಜನ ಮಾಜಿ ಸೈನಿಕರು ಒಟ್ಟಿಗೆ ಕೂತರೆ ಮಾತು ಜಮೀನಿಗೇ ಬರುತ್ತದೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳ ಪ್ರಕಾರ, ಮಂಜೂರು ಮಾಡಲು ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ 10% ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ಓದಲು ಚೆನ್ನಾಗಿದೆ. ತಹಶೀಲ್ದಾರ್‌ಗೆ ಅರ್ಜಿ ಕೊಟ್ಟವರಲ್ಲಿ ಅನೇಕರ ಕೈಗೆ ಬರುವುದು ಮಾತ್ರ ಒಂದು ಹಿಂಬರಹ: ‘ತಾಲ್ಲೂಕಿನಲ್ಲಿ ಮಂಜೂರಾತಿಗೆ ಲಭ್ಯ ಜಮೀನು ಇರುವುದಿಲ್ಲ.’

ಆ ಹಿಂಬರಹ ಬರೀ ಸುಳ್ಳು ಅಂತ ಹೇಳಲು ಬರುವುದಿಲ್ಲ. ಮಲೆನಾಡಿನ ಸರ್ಕಾರಿ ಜಮೀನಿನ ಮೇಲೆ ಎಷ್ಟು ಜನರ ಕೈ ಇದೆ ಅಂತ ನೋಡಬೇಕು. ಗೋಮಾಳ ಇದ್ದರೆ, ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಬಿಡಬೇಕು ಅಂತ ಕಂದಾಯ ನಿಯಮ ಹೇಳುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕೊಡಬಹುದು. ಊರಿನ ಸಾಮೂಹಿಕ ಜಮೀನನ್ನು ಕಾಪಾಡಬೇಕು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಡೀಮ್ಡ್ ಅರಣ್ಯದ, ಅಂದರೆ ಅರಣ್ಯ ಅಂತ ಘೋಷಣೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗದ ತಕರಾರು ಬೇರೆ. ಕಂದಾಯದವರು ನಮ್ಮದು ಅನ್ನುತ್ತಾರೆ, ಅರಣ್ಯದವರು ನಮ್ಮದು ಅನ್ನುತ್ತಾರೆ. ಬಗರ್ ಹುಕುಂ ಅರ್ಜಿದಾರರು, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಕೇಳುವವರು, ದಶಕಗಳಿಂದ ಫಾರಂ 50, 53, 57ರ ಅರ್ಜಿ ಹಿಡಿದು ಕಾಯುತ್ತಿದ್ದಾರೆ. ಗೊರೂರಿನ ಹೇಮಾವತಿ ಅಣೆಕಟ್ಟೆಗೆ ಮನೆ ಮಠ ಕಳೆದುಕೊಂಡವರ ಪುನರ್ವಸತಿಗೂ ಇದೇ ತಾಲ್ಲೂಕುಗಳ ಜಮೀನು ಹೋಗಿದೆ. ಇವರೆಲ್ಲರ ಬೇಡಿಕೆಯೂ ನ್ಯಾಯವಾದದ್ದೇ. ಅವರನ್ನು ತಳ್ಳಿ ಸೈನಿಕನಿಗೆ ಕೊಡಿ ಅಂತ ನಾನು ಕೇಳುವುದಿಲ್ಲ.

ನಾನು ಕೇಳುವುದು ಬೇರೆ. ಲಭ್ಯ ಜಮೀನು ಇಲ್ಲ ಅಂದರೆ, ಯಾವ ಸರ್ವೆ ನಂಬರು ನೋಡಿ ಇಲ್ಲ ಅಂದಿರಿ? ತಾಲ್ಲೂಕುವಾರು ಪಟ್ಟಿ ಮಾಡಿ ಬೋರ್ಡಿಗೆ ಹಾಕಿ. ಅರ್ಜಿ ಕೊಟ್ಟವರ ಜ್ಯೇಷ್ಠತಾ ಪಟ್ಟಿಯೂ ಅಲ್ಲೇ ಇರಲಿ. ಹತ್ತು ವರ್ಷದ ಹಿಂದೆ ಅರ್ಜಿ ಹಾಕಿದವರು ತಮ್ಮ ಸರದಿ ಎಷ್ಟನೆಯದು ಅಂತ ತಿಳಿಯಲು ಗ್ರಾಮ ಆಡಳಿತಾಧಿಕಾರಿಯ ಹಿಂದೆ, ಕಂದಾಯ ನಿರೀಕ್ಷಕರ (ಆರ್‌ಐ) ಹಿಂದೆ ತಿರುಗುವ ಸ್ಥಿತಿ ಇರಬಾರದು. ನಿಜವಾಗಿಯೂ ಜಮೀನು ಇಲ್ಲದ ತಾಲ್ಲೂಕಿನಲ್ಲಿ ಅದನ್ನು ನೇರವಾಗಿ ಹೇಳಿ, ಬದಲಿಗೆ ಊರಿನ ಹತ್ತಿರ ಮನೆ ಕಟ್ಟಲು ಒಂದು ನಿವೇಶನವನ್ನಾದರೂ ಕೊಡುವ ತೀರ್ಮಾನ ಸರ್ಕಾರ ಮಾಡಬಹುದು. ಮೂವತ್ತು ವರ್ಷ ಆಸೆ ತೋರಿಸಿ ಕಾಯಿಸುವುದಕ್ಕಿಂತ ಅದು ಮೇಲು. ಜಮೀನು ಮಂಜೂರಾದರೂ ಅದು ಆನೆ ಓಡಾಡುವ ಜಾಗದಲ್ಲಿದ್ದರೆ, ಅಳತೆ ಮಾಡಿ ಪ್ರತ್ಯೇಕ ನಂಬರು ಕೊಡುವ ಪೋಡಿ ಆಗದೆ ಬರೀ ಸಾಗುವಳಿ ಚೀಟಿಯ ಮಟ್ಟದಲ್ಲೇ ನಿಂತರೆ, ಅದರಿಂದ ಸಂಸಾರ ನಡೆಯುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಸೇವೆಯಲ್ಲಿ ಇರುವವರು. ಸೇನೆಯಲ್ಲಿ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಹೆಂಡತಿ ಮಕ್ಕಳ ಜೊತೆ ಕಳೆಯಬೇಕಾದ ಆ ದಿನಗಳನ್ನು ಎಷ್ಟೋ ಹುಡುಗರು ಪಹಣಿ ತಿದ್ದುಪಡಿಗೆ, ಗಡಿ ಒತ್ತುವರಿ ತಕರಾರಿಗೆ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕಳೆಯುತ್ತಾರೆ. ರಜೆ ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ಇಂಥವರಿಗೆ ಬಹಳ ಹಳೆಯ ಕಾನೂನಿನ ರಕ್ಷಣೆ ಒಂದಿದೆ, 1925ರ ಭಾರತೀಯ ಸೈನಿಕರ ಮೊಕದ್ದಮೆ ಕಾಯ್ದೆ. ಸೈನಿಕ ಗಡಿಯಲ್ಲಿದ್ದಾಗ ಅವನ ಗೈರುಹಾಜರಿಯಲ್ಲಿ ಕೋರ್ಟು ತೀರ್ಪು ಕೊಟ್ಟುಬಿಡದಂತೆ ಅದು ಕಾಯುತ್ತದೆ. ಯುನಿಟ್‌ನ ಕಮಾಂಡಿಂಗ್ ಆಫೀಸರ್ ನೇರವಾಗಿ ಜಿಲ್ಲಾಧಿಕಾರಿಗೆ ಪತ್ರ ಬರೆಯುವ ದಾರಿಯೂ ಇದೆ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ‘ವೀರ್ ಪರಿವಾರ್ ಸಹಾಯತಾ’ ಯೋಜನೆ ಶುರು ಮಾಡಿ, ಸೈನಿಕ ಮಂಡಳಿಗಳಲ್ಲಿ ಉಚಿತ ಕಾನೂನು ನೆರವಿನ ಕೇಂದ್ರ ತೆರೆಯುವ ಕೆಲಸ ಹಿಡಿದಿದೆ. ನಮ್ಮ ಕಡೆಯ ವ್ಯಾಜ್ಯಗಳಲ್ಲಿ ಹೆಚ್ಚಿನವು ಜಮೀನಿನವೇ ಆಗಿರುವುದರಿಂದ, ಕಂದಾಯ ಕಾನೂನು ಗೊತ್ತಿರುವ ವಕೀಲರು ಅಲ್ಲಿ ಕೂರಬೇಕು.

ನೌಕರಿ, ಸೀಟು, ಆಸ್ಪತ್ರೆ

ಜವಾನರು ನಿವೃತ್ತರಾಗುವಾಗ ಮುದುಕರಾಗಿರುವುದಿಲ್ಲ. ನಲವತ್ತರ ಆಸುಪಾಸು. ಮಕ್ಕಳು ಹೈಸ್ಕೂಲಿನಲ್ಲಿರುತ್ತಾರೆ. ಹಾಗಾಗಿ ಎರಡನೇ ಕೆಲಸ ಬೇಕೇ ಬೇಕು. ರಾಜ್ಯದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ 10% ಮೀಸಲಾತಿ ಇದೆ. ವಯಸ್ಸಿನಲ್ಲಿ ದೊಡ್ಡ ರಿಯಾಯಿತಿಯೂ ಇದೆ, ಸೇವೆ ಮಾಡಿದ ವರ್ಷಗಳಿಗೆ ಇನ್ನೂ ಮೂರು ವರ್ಷ ಸೇರಿಸಿ. ಗರಿಷ್ಠ 35 ವರ್ಷ ಇರುವ ಹುದ್ದೆಗೆ 17 ವರ್ಷ ಸೇವೆ ಮಾಡಿದವರು 55ರವರೆಗೂ ಅರ್ಜಿ ಹಾಕಬಹುದು.

ತೊಡಕು ಪರೀಕ್ಷೆಯಲ್ಲಿದೆ. ಹದಿನೆಂಟಕ್ಕೆ ಊರು ಬಿಟ್ಟು, ಹದಿನೇಳು ವರ್ಷ ರಾಜಸ್ಥಾನ, ಅಸ್ಸಾಂ, ಕಾಶ್ಮೀರ ಅಂತ ತಿರುಗಿ ಬಂದವರು ಒಮ್ಮೆಲೇ ಪಂಚಾಯತ್ ರಾಜ್ ಕಾಯ್ದೆ, ಕರ್ನಾಟಕದ ಇತಿಹಾಸ ಓದಿ ಪರೀಕ್ಷೆ ಬರೆಯಬೇಕು. ಸಾಕಷ್ಟು ಜನ ಅರ್ಹರಾಗದಿದ್ದರೆ ಆ ಹುದ್ದೆ ಅದೇ ವರ್ಗದ ಬೇರೆ ಅಭ್ಯರ್ಥಿಗೆ ಹೋಗುತ್ತದೆ. ಮೀಸಲಾತಿ ಕಾಗದದಲ್ಲಿ ಉಳಿಯುತ್ತದೆ, ಹುದ್ದೆ ಉಳಿಯುವುದಿಲ್ಲ. ನಿವೃತ್ತಿಗೆ ಒಂದು ವರ್ಷ ಮೊದಲಿಂದಲೇ ಕನ್ನಡದಲ್ಲಿ ಆನ್‌ಲೈನ್ ತರಬೇತಿ ಕೊಟ್ಟರೆ ಎಷ್ಟೋ ಜನ ಪಾಸಾಗುತ್ತಾರೆ. ಇವರಿಗೆ ಶಿಸ್ತು ಹೇಳಿಕೊಡಬೇಕಿಲ್ಲ, ಪುಸ್ತಕ ಕೊಟ್ಟರೆ ಸಾಕು.

ಮಕ್ಕಳ ವಿಷಯದಲ್ಲಿ ಒಂದು ಕಿವಿಮಾತು. ಸಿಇಟಿಯಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗ ಇದೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಬೇಕು, ಪ್ರಮಾಣಪತ್ರವನ್ನು ಹೇಳಿದ ದಿನ ತೋರಿಸಬೇಕು. ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಆಸ್ಪತ್ರೆಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಇದೆ, ಹಾಸನದಲ್ಲಿ ಅದರ ಪಾಲಿಕ್ಲಿನಿಕ್ ಇದೆ. ಅಲ್ಲಿಂದ ರೆಫರ್ ಮಾಡಿಸಿಕೊಂಡು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ತುರ್ತಿನಲ್ಲಿ ನೇರವಾಗಿ ಹೋಗಬಹುದು. ಕುಟುಂಬ ಪೆನ್ಷನ್ ಪಡೆಯುವ ಹೆಂಗಸರಿಗೂ ಇದು ಸಿಗುತ್ತದೆ.

‘ಮಿಲ್ಟ್ರಿ’ ಅಂದರೆ ಯಾರು?

ಊರವರಿಗೆ ಹಸಿರು ಬಟ್ಟೆ ಹಾಕಿಕೊಂಡು ಗಡಿಗೆ ಹೋದವರೆಲ್ಲ ಮಿಲ್ಟ್ರಿ. ಕಾಗದದಲ್ಲಿ ಹಾಗಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನವರು ಗೃಹ ಇಲಾಖೆಯ ಕೆಳಗೆ ಬರುತ್ತಾರೆ. ಅವರು ನಿವೃತ್ತರಾದರೆ ‘ಮಾಜಿ ಸೈನಿಕ’ ಅನ್ನುವ ಸ್ಥಾನ ಇಲ್ಲ. ಸೈನಿಕ ಕಲ್ಯಾಣ ಕಚೇರಿಗೆ ಬಂದು, ‘ನಿಮ್ಮದು ಇಲ್ಲಿ ಬರಲ್ಲ’ ಅನ್ನಿಸಿಕೊಂಡು ಮುಖ ಸಣ್ಣ ಮಾಡಿಕೊಂಡು ಹೋದವರನ್ನು ನಾನೇ ನೋಡಿದ್ದೇನೆ. ಸಿಇಟಿಯಲ್ಲಿ ಇವರ ಮಕ್ಕಳಿಗೂ ಪ್ರತ್ಯೇಕ ಪ್ರವರ್ಗ ಇಟ್ಟಿದ್ದಾರೆ. ಅಲ್ಲಿ ಆಗುವುದಾದರೆ, ಕನಿಷ್ಠ ಅರ್ಜಿ ಬರೆಸಿಕೊಡುವ ಸಹಾಯವಾದರೂ ಇವರಿಗೆ ಸೈನಿಕ ಕಚೇರಿಯಲ್ಲಿ ಸಿಗಬಾರದೇಕೆ?

ಇನ್ನೊಂದು ಪ್ರಶ್ನೆ ಬಾಗಿಲಿಗೆ ಬಂದು ನಿಂತಿದೆ. 2022ರ ಆಗಸ್ಟ್‌ನಲ್ಲಿ ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಅಗ್ನಿವೀರರ, ಅಂದರೆ ನಾಲ್ಕು ವರ್ಷದ ಅಲ್ಪಾವಧಿ ಸೇವೆಗೆ ಸೇರುವ ಸೈನಿಕರ, ಭರ್ತಿ ರ್‍ಯಾಲಿ ನಡೆಯಿತು. ಸುತ್ತಲಿನ ಜಿಲ್ಲೆಗಳಿಂದ ಹುಡುಗರು ರಾತ್ರಿಯೇ ಬಂದು ಮಳೆಯಲ್ಲಿ ಕಾದು ಓಡಿದರು. ಅಗ್ನಿವೀರರ ಮೊದಲ ತಂಡ ತರಬೇತಿಗೆ ಸೇರಿದ್ದು ಆ ವರ್ಷದ ಕೊನೆ ಮತ್ತು 2023ರ ಆರಂಭದಲ್ಲಿ. ಸೇವೆ ನಾಲ್ಕು ವರ್ಷ. ಹಾಗಾಗಿ 2026ರ ಕೊನೆಯಿಂದ ಅವರು ಊರಿಗೆ ವಾಪಸ್ ಬರಲು ಶುರುಮಾಡುತ್ತಾರೆ. ಯೋಜನೆಯ ಪ್ರಕಾರ 25%ವರೆಗೆ ಸೇನೆಯಲ್ಲೇ ಉಳಿಯುತ್ತಾರೆ. ಉಳಿದವರ ಕೈಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಬರುತ್ತದೆ, ಅದರಲ್ಲಿ ಅರ್ಧ ಅವರದೇ ಸಂಬಳದಿಂದ ಕೂಡಿಟ್ಟದ್ದು. ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ.

ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗರು ಇವರು. ಪಿಯುಸಿ ಮುಗಿಸಿ ಹೋದವರು ಡಿಗ್ರಿ ಮಾಡಿಲ್ಲ. ಜೊತೆಯವರು ಆಗಲೇ ಕೆಲಸಕ್ಕೆ ಸೇರಿರುತ್ತಾರೆ. ಹತ್ತು ಹನ್ನೊಂದು ಲಕ್ಷ ಒಟ್ಟಿಗೆ ಕೈಗೆ ಬಂದಾಗ ಮನೆಯಲ್ಲಿ ಸಾಲವಿರುತ್ತದೆ, ತಂಗಿಯ ಮದುವೆ ಇರುತ್ತದೆ. ಅದು ಕರಗಲು ಆರು ತಿಂಗಳು ಸಾಕು. ಪೊಲೀಸ್, ಅರಣ್ಯ ರಕ್ಷಕ, ಅಗ್ನಿಶಾಮಕ ನೇಮಕಾತಿಯಲ್ಲಿ ಇವರ ಜಾಗ ಎಲ್ಲಿ ಅಂತ ರಾಜ್ಯ ಸರ್ಕಾರ ಸ್ಪಷ್ಟವಾಗಿ, ಕನ್ನಡದಲ್ಲಿ, ಒಂದೇ ಆದೇಶದಲ್ಲಿ ಹೇಳಬೇಕು. ಆನೆ ಹಾವಳಿಯ ನಮ್ಮ ತಾಲ್ಲೂಕುಗಳಲ್ಲಿ ಅರಣ್ಯ ಇಲಾಖೆಯ ಕ್ಷಿಪ್ರ ಪಡೆಗೆ ಇವರಿಗಿಂತ ತಯಾರಾದ ಹುಡುಗರು ಬೇರೆ ಎಲ್ಲಿ ಸಿಗುತ್ತಾರೆ?

ಹಾಗಾದರೆ ಏನು ಮಾಡಬಹುದು? ದೊಡ್ಡ ಬಜೆಟ್ ಬೇಡ. ತಿಂಗಳಿಗೊಂದು ನಿಗದಿಯಾದ ದಿನ, ಎಲ್ಲ ತಾಲ್ಲೂಕು ಕಚೇರಿಯಲ್ಲೂ ಸೈನಿಕ ಕಲ್ಯಾಣ ಇಲಾಖೆಯ ಒಬ್ಬರು ಕೂರಲಿ. ಆ ದಿನ ತಹಶೀಲ್ದಾರರೂ ಇರಲಿ, ಸಿಎಸ್‌ಸಿಯವರೂ ಇರಲಿ. ಊರಿನಲ್ಲಿ ಸೈನಿಕರೊಬ್ಬರು ತೀರಿಕೊಂಡರೆ ಗ್ರಾಮ ಪಂಚಾಯಿತಿ ಮರಣ ಪತ್ರ ಕೊಡುತ್ತದಲ್ಲ, ಅದರ ಜೊತೆಗೇ ಕುಟುಂಬ ಪೆನ್ಷನ್‌ಗೆ ಬೇಕಾದ ಕಾಗದಗಳ ಪಟ್ಟಿಯನ್ನು ಕೊಡಲಿ. ಕನ್ನಡದಲ್ಲಿ, ಒಂದೇ ಹಾಳೆ. ಆ ಸುಬೇದಾರರು ಬರೆದುಕೊಟ್ಟಂಥದ್ದು. ನಿವೃತ್ತ ಜೆಸಿಒಗಳು (ಸುಬೇದಾರರಂಥ ಕಿರಿಯ ಅಧಿಕಾರಿಗಳು), ಗುಮಾಸ್ತರ ಕೆಲಸ ಮಾಡಿದ ಹವಾಲ್ದಾರರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಗೌರವಧನ ಕೊಟ್ಟು ಹೋಬಳಿಗೊಬ್ಬರಂತೆ ಅವರನ್ನೇ ನೇಮಿಸಿಕೊಳ್ಳಬಹುದು.

ಅಲ್ಲಿಯವರೆಗೆ, ಮನೆಯಲ್ಲಿ ಮಾಜಿ ಸೈನಿಕರು ಇರುವವರಿಗೆ ನನ್ನದೊಂದು ಕೋರಿಕೆ. ಅವರು ಆರೋಗ್ಯವಾಗಿರುವಾಗಲೇ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ಇಬ್ಬರ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ ಇಷ್ಟನ್ನೂ ಚಾಪೆಯ ಮೇಲೆ ಹರಡಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಪಿಪಿಒದಲ್ಲಿ ಆಕೆಯ ಹೆಸರು ಇದೆಯೇ ನೋಡಿ. ಖಾತೆ ಜಂಟಿಯಾಗಿರಲಿ. ತಪ್ಪಿದ್ದರೆ ಅವರಿಂದಲೇ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಬರೆಸಿ, ಅವರ ಸಹಿ ಇದ್ದಾಗ ಕೆಲಸ ಸುಲಭ.

ನಮ್ಮ ದೊಡ್ಡಮ್ಮನಿಗೆ ಬಾಕಿ ಪೆನ್ಷನ್ ಒಟ್ಟಿಗೆ ಬಂತು. ಬ್ಯಾಂಕಿನ ಮೆಸೇಜು ಓದಿ ಹೇಳಿದಾಗ ಅವರು ದುಡ್ಡು ಎಷ್ಟು ಅಂತ ಕೇಳಲಿಲ್ಲ. ‘ನನ್ನ ಹೆಸರು ಸರಿಯಾಗಿ ಬರೆದವ್ರಾ ಮಗಾ?’ ಅಂತ ಕೇಳಿದರು.